ಹತ್ತೊಂಬತ್ತು ವರ್ಷದಲ್ಲಿ ವಾಪಸು ಬಂದ ಒಂದು ಚಾಕು

ಬೆಳಗಿನ ಐದೂ ಮುಕ್ಕಾಲು. ಗುಡಗೇರಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಎರಡು ನಿಮಿಷ ನಿಂತು ಹೊರಟಿದೆ. ಇಳಿದವರು ಹದಿನಾಲ್ಕು ಮಂದಿ. ಹದಿಮೂರು ಮಂದಿ ಸಂತೆಯ ದಾರಿ ಹಿಡಿದಿದ್ದಾರೆ. ಹದಿನಾಲ್ಕನೆಯವರು ಪ್ಲಾಟ್‌ಫಾರ್ಮಿನ ಕೊನೆಯ ಕಲ್ಲುಬೆಂಚಿನ ಮೇಲೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು, ಒಂದೊಂದೇ ಚಾಕು ತೆರೆದು ಮುಚ್ಚುತ್ತ ಕೂತಿದ್ದಾರೆ.

ಅವರು ಚಾಕುವನ್ನು ನೋಡುತ್ತಿಲ್ಲ, ಕೇಳುತ್ತಿದ್ದಾರೆ. ಮುಖ ಹಳಿಯ ಕಡೆಗಿದೆ, ಚಾಕು ಕಿವಿಯ ಹತ್ತಿರವಿದೆ. 'ಟಕ್' ಎಂದು ಖಡಕ್ಕಾಗಿ ಮುಚ್ಚಿದ್ದು ಪೆಟ್ಟಿಗೆಗೆ ಮರಳುತ್ತದೆ. ಸದ್ದು ಮಂದವಾದದ್ದು ಪಕ್ಕಕ್ಕೆ ಹೋಗುತ್ತದೆ. ಇಪ್ಪತ್ತೆರಡರಲ್ಲಿ ಇವತ್ತು ಎರಡು ಪಕ್ಕಕ್ಕೆ ಬಿದ್ದಿವೆ. "ಎಣ್ಣಿ ಜಾಸ್ತಿ ಕುಡದಾವ್ರಿ, ದನಿ ಕೂತೈತಿ. ಇವನ್ನ ಇವತ್ತ ಮಾರಂಗಿಲ್ಲ," ಎಂದು ಆ ಎರಡನ್ನು ಅರಿವೆಯಲ್ಲಿ ಸುತ್ತಿಡುತ್ತಾರೆ.

ಇವರು ಕುಂದಗೋಳದ ಫಕ್ರುಸಾಬ. ವಯಸ್ಸು ಐವತ್ತಮೂರು. ಕಿಸೆಯಲ್ಲಿಟ್ಟುಕೊಳ್ಳುವ ಮಡಚು ಚಾಕುಗಳನ್ನು ತಾವೇ ಮಾಡಿ ತಾವೇ ಮಾರುತ್ತಾರೆ. ಗುಡಗೇರಿ ಸಂತೆಯಲ್ಲಿ ಗೋಣಿತಟ್ಟು ಹಾಸತೊಡಗಿದ್ದು 1957ರಲ್ಲಿ. ಈ ಹತ್ತೊಂಬತ್ತು ವರ್ಷಗಳಲ್ಲಿ ಸಾಣೆ ಹಿಡಿಸಿಕೊಳ್ಳಲು ಬಂದ ಚಾಕುಗಳು ಲೆಕ್ಕವಿಲ್ಲದಷ್ಟು. 'ಇದು ಬೇಡ, ತೊಗೋ' ಎಂದು ತಿರುಗಿ ಬಂದದ್ದು ಒಂದೂ ಇಲ್ಲ.

ಇವತ್ತು ಒಂದು ಬರಲಿದೆ. ಹಿಂದಿನ ಸಂತೆಯಲ್ಲಿ ಚಾಕು ಒಯ್ದಿದ್ದ ಮಡಿವಾಳೆಪ್ಪ ಎಂಬ ರೈತ, ರೈಲ್ವೆಯ ಗ್ಯಾಂಗ್‌ಮನ್ ಒಬ್ಬರ ಕೈಲಿ ಕುಂದಗೋಳಕ್ಕೆ ಮಾತು ಕಳಿಸಿದ್ದಾರೆ: "ಸಾಬಗ ಹೇಳು, ಅವನ ಚಾಕು ಅವನ ತಟ್ಟಿನ ಮ್ಯಾಲ ಒಗೀತೇನಿ. ಸಂತಿ ಮಂದಿ ನೋಡ್ಲಿ."

ಈ ಮಾತು ಫಕ್ರುಸಾಬರಿಗೆ ಸಣ್ಣದಲ್ಲ. ಎರಡು ವರ್ಷದಿಂದ ಅವರ ಎದುರಿಗೇ ಪಟ್ಟಣದ ವ್ಯಾಪಾರಿಯೊಬ್ಬ ಮಂಚ ಹಾಕಿ ಫ್ಯಾಕ್ಟರಿ ಚಾಕು ಮಾರುತ್ತಿದ್ದಾನೆ. ಕನ್ನಡಿಯಂತೆ ಹೊಳೆಯುವ ಚಾಕು, ಅರ್ಧ ಬೆಲೆ. ಆದರೂ ಜನ ಈ ಕಡೆ ಬಂದು ಕೂರುವುದು ಒಂದೇ ನಂಬಿಕೆಯ ಮೇಲೆ: ಫಕ್ರುಸಾಬ ಆರಿಸಿಕೊಟ್ಟದ್ದು ತಪ್ಪುವುದಿಲ್ಲ. "ಅಂಗಡ್ಯಾಂವ ಕೇಳಿದ್ದ ಕೊಡ್ತಾನ. ನಾ ಒಪ್ಪೂದು ಕೊಡ್ತೇನಿ. ನಂದು ಇಷ್ಟ ನೋಡ್ರಿ ಬಂಡವಾಳ," ಎನ್ನುತ್ತಾರೆ.

ತಂದೆ ಕುಡಗೋಲು, ಕೊಡಲಿ ಬಡಿಯುತ್ತಿದ್ದವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಫಕ್ರುಸಾಬ ಹುಬ್ಬಳ್ಳಿಯಲ್ಲಿದ್ದ ಸೋದರಮಾವನ ಕುಲುಮೆ ಸೇರಿದರು. ಏಳು ವರ್ಷ ಅಲ್ಲಿದ್ದರು. ಮೊದಲೆರಡು ವರ್ಷ ಹಿತ್ತಾಳೆಯ ಮೊಳೆ ಬಡಿಯುವುದೊಂದೇ ಕೆಲಸ. ಅಲಗು ಮತ್ತು ಹಿಡಿಕೆಯನ್ನು ಕೂಡಿಸುವ ಆ ಮೊಳೆ ಬಿಗಿಯಾದರೆ ಚಾಕು ತೆರೆಯದು, ಸಡಿಲಾದರೆ ಅಲಗು ಅಲ್ಲಾಡುತ್ತದೆ. "ಮಾವ ಹೇಳ್ತಿದ್ದ, ಲೇ, ಮೊಳಿ ಅಂದ್ರ ಮದಿವಿ ಇದ್ದಂಗ. ಅಗದಿ ಬಿಗದ್ರೂ ಕೆಟ್ಟು, ಅಗದಿ ಬಿಟ್ರೂ ಕೆಟ್ಟು."

1964ರಲ್ಲಿ ಅಲಗು ತಿಕ್ಕುವಾಗ ಉಕ್ಕಿನ ಚೂರೊಂದು ಬಲಗಣ್ಣಿಗೆ ಹಾರಿತು. ಕಣ್ಣು ಉಳಿಯಿತು, ದೃಷ್ಟಿ ಮಬ್ಬಾಯಿತು. ಎಂಟು ತಿಂಗಳು ಕೆಲಸ ನಿಂತಿತ್ತು. ಮತ್ತೆ ಕೂತಾಗ ಕಣ್ಣು ಮಾಡುತ್ತಿದ್ದ ಕೆಲಸವನ್ನು ಕಿವಿಗೆ ವಹಿಸಿದರು. ಹೆಂಡತಿ ರೇಷ್ಮಾಬಿ ಇದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ: "ಅವತ್ತಿಂದ ಕಿವಿ ಭಾಳ ಚುರುಕಾಗ್ಯಾವ್ರಿ. ನಾ ಒಲಿ ಮುಂದ ಕುಂತು ಮನಸಿನ್ಯಾಗ ಬೈದ್ರೂ ಹೊರಗ ಕೇಳಸ್ತೈತಿ."

ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ವಾರಕ್ಕೆ ಏಳು ಚಾಕು ತಯಾರಾಗುತ್ತವೆ. ಮಳೆಗಾಲದಲ್ಲಿ ಐದು. ಮುರಿದ ಗರಗಸದ ಪಟ್ಟಿಯೊಂದರಿಂದ ನಾಲ್ಕು ಅಲಗು ಹುಟ್ಟುತ್ತವೆ. ಕೆಂಪಗೆ ಕಾಯಿಸಿ ಶೇಂಗಾ ಎಣ್ಣೆಯಲ್ಲಿ ಅದ್ದುವುದು ಫಕ್ರುಸಾಬ, ಎಮ್ಮೆಕೊಂಬಿನ ಹಿಡಿಕೆಯನ್ನು ತಿಕ್ಕಿ ನುಣುಪು ಮಾಡುವುದು ರೇಷ್ಮಾಬಿ. ಒಂದು ಹಿಡಿಕೆಗೆ ಅವರ ಒಂದು ಮಧ್ಯಾಹ್ನ ಹೋಗುತ್ತದೆ.

ಏಳೂವರೆಗೆ ಸಂತೆಯಲ್ಲಿ ಬೇವಿನ ಮರದ ಕೆಳಗೆ ತಟ್ಟು ಹಾಸಿದೆ. ಇವತ್ತಿನ ಬೋಣಿ ಒಬ್ಬ ಹಮಾಲರದು. ಎರಡನೆಯವರು ಶಾಲೆಯ ದಿನಕರ ಮಾಸ್ತರರು. ಅವರ ಕಣ್ಣು ನೇರವಾಗಿ ಎಲ್ಲಕ್ಕಿಂತ ದೊಡ್ಡ ಚಾಕುವಿನ ಮೇಲೆ ಬಿದ್ದಿದೆ.

"ಮಾಸ್ತರ್ರ, ಏನ ಕೊಯ್ಯಾಕ ಬೇಕು?"

"ಪೆನ್ಸಿಲ್ ಕೆತ್ತಲಿಕ್ಕೆ, ಹಣ್ಣು ಹೆಚ್ಚಲಿಕ್ಕೆ. ಉಳಿದದ್ದೆಲ್ಲಾ ನಮ್ಮನಿಯಾಕಿ ಮಾತಿನಾಗ ಕೊಯ್ತಾಳ, ಅದಕ್ಕ ಚಾಕು ಬ್ಯಾಡ."

"ಹಂಗಾರ ಅದು ನಿಮ್ಮದಲ್ರಿ, ಕುರಿ ಕಾಯಾವರದು. ನಿಮ್ಮ ಅಂಗಿ ಕಿಸೆ ಹರೀತೈತಿ. ಹೊಲಿಯಾವ್ರು ಯಾರು? ಅವರ. ಮತ್ತ ಮಾತ ಯಾರ ಕೇಳಬೇಕು? ನೀವ."

ಮಾಸ್ತರರು ಕೈ ಹಿಂದೆ ಸರಿಸುತ್ತಾರೆ. ಫಕ್ರುಸಾಬ ಮೂರು ಸಣ್ಣ ಚಾಕುಗಳನ್ನು ತಟ್ಟಿನ ಮೇಲೆ ಇಡುತ್ತಾರೆ. ಕೈಗೆ ಕೊಡುವುದಿಲ್ಲ. ಕೈಯಿಂದ ಕೈಗೆ ಚಾಕು ದಾಟಿದರೆ ಜಗಳವೆಂದು ಈ ಕಡೆಯ ನಂಬಿಕೆ. ಕೊಡುವವ ಕೆಳಗಿಡಬೇಕು, ಕೊಳ್ಳುವವ ಎತ್ತಿಕೊಳ್ಳಬೇಕು. ಎತ್ತಿಕೊಂಡ ಮೇಲೆ ಬೆರಳುಗಳು ಹಿಡಿಕೆಯ ಸುತ್ತ ಹೇಗೆ ಕೂರುತ್ತವೆ ಎಂಬುದನ್ನು ಫಕ್ರುಸಾಬ ಒಳ್ಳೆಯ ಕಣ್ಣಿನಿಂದ ನೋಡುತ್ತಾರೆ.

"ಮಡಚಿದಾಗ ನಾಕು ಬೆರಳ ಅಗಲ ಇರಬೇಕು, ಹೆಚ್ಚು ಬ್ಯಾಡ. ಬಿಚ್ಚಿ ತುದಿ ಹಿಡದು ಅಲ್ಲಾಡಸ್ರಿ, ಅಲ್ಲಾಡಬಾರದು. ಬಿಸಲಿಗೆ ಹಿಡೀರಿ. ಅಲಗಿಗೂ ಹಿಡಿಕಿ ಬೆನ್ನಿನ ಪಟ್ಟಿಗೂ ನಡುವ ಬೆಳಕ ಕಾಣಬಾರದು. ಹೊಳಪ ಮಾತ್ರ ನೋಡಬ್ಯಾಡ್ರಿ. ಹೊಳಪ ನಮ್ಮಾಕಿ ತಿಕ್ಕಿದ್ದು, ಚಾಕೂದಲ್ಲ." ಮಾಸ್ತರರು ಎರಡನೆಯದನ್ನು ಕಿಸೆಗೆ ಹಾಕಿ ನಾಲ್ಕು ಹೆಜ್ಜೆ ನಡೆದು ಬರುತ್ತಾರೆ. ಇದೂ ಪರೀಕ್ಷೆಯ ಭಾಗ. "ಇದ್ದದ್ದ ಗೊತ್ತಾಗವಲ್ದು," ಎನ್ನುತ್ತಾರೆ. "ಅದ ನಿಮ್ಮದು. ಬೇಕಾದಾಗಷ್ಟ ನೆನಪಾಗಬೇಕ್ರಿ ಚಾಕು," ಎಂದು ಫಕ್ರುಸಾಬ ಉಳಿದೆರಡನ್ನು ಎತ್ತಿಡುತ್ತಾರೆ.

ಒಂಬತ್ತೂ ಹತ್ತಕ್ಕೆ ಮಡಿವಾಳೆಪ್ಪ ಬರುತ್ತಾರೆ. ಜೊತೆಗೆ ಹೆಂಡತಿ ಶಾರದವ್ವ, ಹಿಂದೆ ಹದಿನೈದಿಪ್ಪತ್ತು ಜನ. ಎದುರು ಮಂಚದ ವ್ಯಾಪಾರಿಯೂ ಎದ್ದು ನಿಂತಿದ್ದಾನೆ. ಮಡಿವಾಳೆಪ್ಪನವರ ಬಲಗೈಯ ಎರಡು ಬೆರಳಿಗೆ ಅರಿವೆ ಸುತ್ತಿದೆ. ಚಾಕು ತಟ್ಟಿನ ಮೇಲೆ ಬೀಳುತ್ತದೆ.

"ತೊಗೋ ಸಾಬ, ನಿನ್ನ ಮಾಲು."

"ಕುಂದರ್ರಿ ಗೌಡ್ರ. ಏನಾತು ಹೇಳ್ರಿ."

"ಏನಾಗೂದೈತಿ? ಆಕಳ ಕರದ ಕೊಳ್ಳಿಗೆ ಹಗ್ಗ ಸುತ್ತಿತ್ತು. ನಾಲಿಗಿ ಹೊರಗ ಬಂದಿತ್ತು. ಕಿಸೇದಾಗಿಂದ ಚಾಕು ತಗದ್ರ ಬಿಚ್ಚವಲ್ದು. ಎಳದೆ, ಉಗುರು ಜಾರ್ತು. ಮತ್ತ ಎಳದೆ, ಅರ್ಧಕ್ಕ ಬಂದು ಮುಚಗೊಂಡು ನನ್ನ ಬೆರಳಿಗೇ ಕಚ್ಚಿತು. ಇಕಿ ಕುಡಗೋಲು ತರದಿದ್ರ ಕರಾ ಹೋಗತಿತ್ತು."

"ಕುಡಗೋಲ ಮಡಚಂಗಿಲ್ರಿ. ಹೆಂಗಸರಂಗ, ಯಾವಾಗ ಕರದ್ರೂ ತಯಾರ ಇರತೈತಿ," ಎನ್ನುತ್ತಾರೆ ಶಾರದವ್ವ. ಜನ ನಗುತ್ತಾರೆ, ಮಡಿವಾಳೆಪ್ಪ ನಗುವುದಿಲ್ಲ.

ಫಕ್ರುಸಾಬ ಚಾಕು ಎತ್ತಿ ಕಿವಿಯ ಹತ್ತಿರ ಹಿಡಿಯುತ್ತಾರೆ. ತೆರೆದು ಮುಚ್ಚುತ್ತಾರೆ. ಟಕ್. ಇನ್ನೆರಡು ಸಲ. ಪ್ರತಿ ಸಲವೂ ಅಲಗು ಸಲೀಸಾಗಿ ಬರುತ್ತದೆ, ಖಡಕ್ಕಾಗಿ ಕೂರುತ್ತದೆ. ಗುಂಪಿನಿಂದ ಒಬ್ಬ ಕೂಗುತ್ತಾನೆ: "ಚಾಕು ನೆಟ್ಟಗ ಐತಲ್ಲೋ ಮಡಿವಾಳೆಪ್ಪಾ! ನಿನಗ ಬಿಚ್ಚಾಕ ಬರವಲ್ದು. ಮನಿಗೆ ಹೋಗಿ ಹಲ್ಲಾಗ ಬಿಚ್ಚೋ!" ಈ ಸಲ ನಗು ಜೋರಾಗಿದೆ. ಮಡಿವಾಳೆಪ್ಪನವರ ಮುಖ ಕೆಂಪಾಗಿದೆ.

ಇಲ್ಲಿಗೇ ಬಿಟ್ಟಿದ್ದರೆ ಫಕ್ರುಸಾಬರ ಮಾತು ಉಳಿಯುತ್ತಿತ್ತು. ಚಾಕುವಿನಲ್ಲಿ ದೋಷವಿಲ್ಲ, ಇಪ್ಪತ್ತು ಜನ ಕಣ್ಣಾರೆ ಕಂಡಿದ್ದಾರೆ. ಫಕ್ರುಸಾಬ ಮಾತ್ರ ನಗುವುದಿಲ್ಲ. ಅರಿವೆ ಸುತ್ತಿದ ಬೆರಳುಗಳನ್ನೇ ನೋಡುತ್ತಿದ್ದಾರೆ.

ಅವರು ನೋಡುತ್ತಿರುವುದು ಇಷ್ಟು. ಮಡಚು ಚಾಕು ತೆರೆಯುವಾಗ ಜನ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದು ಬಲ ಹೆಬ್ಬೆರಳಿನ ಉಗುರಿನಿಂದ ಅಲಗನ್ನು ಎಳೆಯುತ್ತಾರೆ. ಉಗುರು ಸಿಕ್ಕಲೆಂದು ಅಲಗಿನ ಒಂದು ಮೈಯಲ್ಲಿ ಮಾತ್ರ ಸಣ್ಣ ಗೀರು ಕೊರೆದಿರುತ್ತದೆ. ಅರ್ಧ ತೆರೆದ ಅಲಗು ಜಾರಿ ಮುಚ್ಚಿದರೆ ಕಚ್ಚುವುದು ಹಿಡಿಕೆ ಹಿಡಿದ ಕೈಯನ್ನು. ಎಂದರೆ ಎಡಗೈಯನ್ನು. ಮಡಿವಾಳೆಪ್ಪನವರಿಗೆ ಗಾಯವಾಗಿರುವುದು ಬಲಗೈಗೆ.

"ಗೌಡ್ರ, ನೀವು ಕುಡಗೋಲ ಯಾವ ಕೈಯಾಗ ಹಿಡೀತೀರಿ?"

ಶಾರದವ್ವ ಹೇಳುತ್ತಾರೆ: "ಎಡಗೈರಿ. ಉಣ್ಣೂದೊಂದ ಬಿಟ್ಟು ಎಲ್ಲಾ ಎಡಗೈ."

"ಮತ್ತ ಅವತ್ತು ಬಲಗೈಲೆ ಎತ್ತಿದ್ರಿ, ಬಲಗೈಲೆ ಬಿಚ್ಚಿ ನೋಡಿದ್ರಿ?"

"ಬೋಣಿ ಇತ್ತಲ್ಲೋ ಮಾರಾಯ!" ಮಡಿವಾಳೆಪ್ಪನವರ ದನಿ ಏರುತ್ತದೆ. "ಮುಂಜಾನೆ ಮೊದಲನೇ ವ್ಯಾಪಾರಕ್ಕ ಎಡಗೈ ಚಾಚಿ ನಿನ್ನ ದಿವಸ ಕೆಡಸ್ಲೇನು?"

ಫಕ್ರುಸಾಬ ಎದುರು ಮಂಚಕ್ಕೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಾರೆ: "ಚಾಕು ಛಲೋ ಐತಿ. ಕೊಟ್ಟಾಂವ ತಪ್ಪ್ಯಾನ. ಗೀರು ಬಲಗೈ ಉಗುರಿಗೆ ಕೊರದದ್ದು, ಎಡಗೈಗೆ ಸಿಗಂಗಿಲ್ಲ. ಕೈ ನೋಡಿದ್ನಿ, ಯಾವ ಕೈಯಾವ್ರು ಅಂತ ಕೇಳಲಿಲ್ಲ. ನಂದೊಂದು ಚಾಕು ವಾಪಸ್ ಬಂದೈತಿ, ಎಲ್ಲಾರೂ ತಿಳ್ಕೋರಿ."

"ಏ ಸಾಬ್ರ, ಹತ್ತೊಂಬತ್ತ ವರ್ಷದ ಹೆಸರು!" ಎಂದು ಪಕ್ಕದ ಬಳೆ ವ್ಯಾಪಾರಿ ಮಲಿಕಸಾಬ ತಡೆಯುತ್ತಾರೆ.

"ಇರಲಿ. ಹೆಸರಿಗೆ ರಗತ ಬರಂಗಿಲ್ಲ. ಇವರ ಬೆರಳಿಗೆ ಬಂದೈತಿ."

ಚಾಕು ಪೆಟ್ಟಿಗೆಗೆ ಹೋಗುತ್ತದೆ. ಮುಂದಿನ ಸಂತೆಗೆ ಎಡಗೈಯದು ತರುವುದಾಗಿ ಮಾತು ಕೊಡುತ್ತಾರೆ. "ಎಡಗೈ ಚಾಕು ಅಂತ ಇರತಾವೇನು?" ಮಡಿವಾಳೆಪ್ಪನವರ ಸಿಟ್ಟು ಇಳಿದು ಕುತೂಹಲಕ್ಕೆ ಬಂದಿದೆ. "ಇಲ್ಲೀತನಕ ಇರಲಿಲ್ರಿ," ಎನ್ನುತ್ತಾರೆ ಫಕ್ರುಸಾಬ. ಮಲಿಕಸಾಬ ಇಬ್ಬರಿಗೂ ಚಹಾ ಹೇಳುತ್ತಾರೆ. ಮಡಿವಾಳೆಪ್ಪ ಬಟ್ಟಲನ್ನು ಎಡಗೈಯಲ್ಲಿ ತೆಗೆದುಕೊಳ್ಳುತ್ತಾರೆ. ಗಾಯದ ನೆವವಿದೆ.

ಆ ದಿನ ಮಾರಾಟವಾದದ್ದು ಆರು ಚಾಕು, ಬೇರೆ ಸಂತೆಗಳಷ್ಟೇ. ಸಂಜೆಯ ಗಾಡಿಗೆ ಕಾಯುತ್ತ ಫಕ್ರುಸಾಬ ಬೇಸರದಲ್ಲಿದ್ದಂತೆ ಕಾಣುವುದಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಗೊತ್ತಾದ ಮನುಷ್ಯನ ಹಾಗಿದ್ದಾರೆ. "ಎಡಗೈಯಾವ್ರು ನನ್ನ ಹಂತ್ಯಾಕ ಬರೂದಿಲ್ಲ ಅಂತ ತಿಳಕೊಂಡಿದ್ನಿ. ಬರತಿದ್ರು, ಬಲಗೈ ಮುಂದ ಮಾಡಿ. ಒಯ್ದು ಹೆಂಗೋ ಸುಧಾರಿಸಿಕೊಂಡ್ರು, ಒಬ್ಬರೂ ತಿರುಗಿ ತರಲಿಲ್ಲ. ಅದನ್ನ ನಾ ನನ್ನ ಕಸಬು ಅಂದ್ಕೊಂಡೆ. ಅವರ ಮರ್ಯಾದಿ ಆಗಿತ್ತು ಅದು."

ಮರುದಿನ ಅಲಗಿನ ಇನ್ನೊಂದು ಮೈಯಲ್ಲಿ ಗೀರು ಕೊರೆಯಲು ಕೂತರು. ಮೂವತ್ತೆರಡು ವರ್ಷದ ರೂಢಿಯ ಕೈ ಎರಡು ಸಲ ಹಳೆಯ ಮೈಗೇ ಹೋಯಿತು. ಒಂದು ಅಲಗು ಕೆಟ್ಟಿತು. "ಕೈಗೂ ಹಟ ಇರತೈತ್ರಿ," ಎಂದರು ರೇಷ್ಮಾಬಿ. ಅಲಗಿನ ಮೇಲೆ ಸುಣ್ಣದಿಂದ ಗುರುತು ಹಾಕಿಕೊಟ್ಟವರು ಅವರೇ. ಆಮೇಲೆ ತಪ್ಪಲಿಲ್ಲ.

ಮುಂದಿನ ಸಂತೆಗೆ ಫಕ್ರುಸಾಬ ಎಡಗೈ ಚಾಕು ಎರಡು ತಂದಿದ್ದರು. ಒಂದನ್ನು ಮಡಿವಾಳೆಪ್ಪ ಒಯ್ದರು. ಇನ್ನೊಂದನ್ನು ಒಣಮೆಣಸಿನಕಾಯಿ ಮಾರಲು ಬಂದಿದ್ದ ನೀಲಕ್ಕ ಎಂಬವರು ಹತ್ತು ಗಂಟೆಯೊಳಗೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಇನ್ನೂ ಐದು ಮಂದಿ ಬಂದು ಅಂಥದೇ ಚಾಕು ಕೇಳಿ, ತಮಗೂ ಒಂದು ಮಾಡಿಡಲೆಂದು ಊರು ಮತ್ತು ಹೆಸರು ಹೇಳಿ ಹೋದರು.