ಅತ್ತೆಯ ಹೊಲಿಗೆ ಮಷಿನ್ ಮಾರಾಟಕ್ಕಿತ್ತು

ಕಗ್ಗದಾಸಪುರದ ನಮ್ಮ ಮನೆಯಲ್ಲಿ ಕೆಳಗೆ ಓರಗಿತ್ತಿ, ಮೇಲೆ ನಾನು. ಅತ್ತೆ ತೀರಿಕೊಂಡ ಮೇಲೆ ಅವರ ಹೊಲಿಗೆ ಮಷಿನ್ ಕೆಳಗೇ ಉಳಿಯಿತು, ಅವಳು ಹಿರಿಸೊಸೆ ಎಂಬ ಒಂದೇ ಕಾರಣಕ್ಕೆ. ಹೊಲಿಯಲು ಬರುತ್ತಿದ್ದುದು ನನಗೆ. ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಮಷಿನ್ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಡುತ್ತಿದ್ದಳು. ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿ. ಕೇಳಬಹುದಿತ್ತಲ್ಲ ಎನ್ನುತ್ತೀರಿ. ಅವಳ ಮುಂದೆ ಕೈಚಾಚುವುದೇ? ಪ್ರಾಣ ಹೋದರೂ ಇಲ್ಲ.

ಇಂಟರ್‌ನೆಟ್ಟಿನಲ್ಲಿ ಜನ ಹಳೇ ಸಾಮಾನು ಮಾರಲು ಶುರುಮಾಡಿದ್ದ ಕಾಲ. ಒಂದು ದಿನ ಯಜಮಾನರು ಆಫೀಸಿನಿಂದ ಬಂದು, ಅತ್ತಿಗೆ ಮಷಿನ್ ಮಾರಾಟಕ್ಕೆ ಇಟ್ಟಿದ್ದಾರೆ, ಜಾಹೀರಾತಿನಲ್ಲಿ ಫೋಟೋ ಸಮೇತ ಇದೆ ಎಂದರು. ಊರಿಗೆಲ್ಲ ಸಾರಿದ್ದಾಳೆ, ಮೆಟ್ಟಿಲು ಹತ್ತಿ ನನಗೊಂದು ಮಾತು ಹೇಳಿಲ್ಲ! ಹೊಟ್ಟೆಯುರಿಯಲ್ಲಿ ಅವತ್ತು ಊಟ ಸೇರಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ನನ್ನ ಟೈಲರಿಂಗ್ ಕ್ಲಾಸಿನ ಗೆಳತಿಯೊಬ್ಬಳಿದ್ದಳು. ಓರಗಿತ್ತಿ ಅವಳನ್ನು ಕಂಡವಳಲ್ಲ. ದುಡ್ಡು ನಾನು ಕೊಡುತ್ತೇನೆ, ನನ್ನ ಹೆಸರೆತ್ತಬೇಡ, ನಿನಗೇ ಬೇಕು ಅಂತ ಹೇಳಿ ಕೊಂಡುಕೋ ಎಂದು ಅವಳನ್ನು ಒಪ್ಪಿಸಿದೆ.

ಗೆಳತಿ ಲಗೇಜ್ ಆಟೋ ಮಾಡಿಕೊಂಡು ಬಂದದ್ದು ಶುಕ್ರವಾರ ಸಂಜೆ. ದೀಪ ಹಚ್ಚಿಯಾಗಿದೆ, ಶುಕ್ರವಾರ ಈ ಹೊತ್ತಲ್ಲಿ ಮನೆಯಿಂದ ಏನನ್ನೂ ಹೊರಗೆ ಕೊಡುವುದಿಲ್ಲ, ನಾಳೆ ಬನ್ನಿ ಎಂದು ಓರಗಿತ್ತಿ ವಾಪಸು ಕಳಿಸಿದಳು. ಅಷ್ಟರಲ್ಲಿ ಬೇರೆ ಯಾರಾದರೂ ಹಾರಿಸಿಕೊಂಡು ಹೋದರೆ?

ಮರುದಿನ ಮಷಿನ್ ಆಟೋ ಏರುವಾಗ ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿಸಿಕೊಂಡೆ. ಇಷ್ಟು ಒಳ್ಳೆಯದನ್ನು ಯಾಕೆ ಮಾರುತ್ತಿದ್ದೀರಿ ಎಂದು ಗೆಳತಿ ಕೇಳಿದಳು.

"ಮೇಲ್ಗಡೆ ನಮ್ಮ ಓರಗಿತ್ತಿ ಇದಾಳೆ, ಚೆನ್ನಾಗಿ ಹೊಲಿತಾಳೆ. ಆದ್ರೆ ನಾನು ಕೊಟ್ರೆ ಅವಳು ಮುಟ್ಟಲ್ಲ ಕಣ್ರೀ. ಹೊಲಿಯೋರ ಮನೆಗಾದ್ರೂ ಹೋಗ್ಲಿ ಅಂತ."

ಗುರುತಿಲ್ಲದವರ ಮುಂದೆ ನನ್ನ ಪುರಾಣ! ಅದರಲ್ಲೂ ಒಂದಕ್ಷರ ಸುಳ್ಳಿಲ್ಲ ಎಂಬುದಕ್ಕೇ ಸಿಟ್ಟು ನೆತ್ತಿಗೇರಿತು.

ಆಟೋ ತಿರುವು ದಾಟಿದ ಮೇಲೆ ನನಗೆ ಹೊಳೆಯಿತು. ನಮ್ಮ ಮನೆಗಿರುವುದು ಒಂದೇ ಗೇಟು, ಅದೂ ಅವಳ ಅಡುಗೆಮನೆ ಕಿಟಕಿಗೆ ಎದುರು. ಅವಳ ಕಣ್ಣು ತಪ್ಪಿಸಿ ಮಷಿನ್ ಮೇಲಕ್ಕೆ ತರುವುದು ಹೇಗೆ? ಅದು ಗೆಳತಿಯ ಮನೆಯಲ್ಲೇ ಉಳಿಯಿತು.

ಗೌರಿ ಹಬ್ಬದ ದಿನ ಓರಗಿತ್ತಿ ಹೊಸ ರವಿಕೆ ತೊಟ್ಟು ಮೇಲೆ ಬಂದಳು. ಮಷಿನ್ ಕೊಂಡವರ ಹತ್ತಿರವೇ ಹೊಲಿಸಿದ್ದಂತೆ. ಬೆನ್ನಿನ ಹುಕ್ಕು ಹಾಕಿಕೊಡು ಎಂದು ತಿರುಗಿ ನಿಂತಳು. ಹಾಕಿದೆ. ಹಾಳಾದ್ದು, ಎಲ್ಲೂ ಒಂದು ಸುಕ್ಕಿರಲಿಲ್ಲ.