ಕೊಸ್ಮಸ್ ಪಿಂಟೊ ಅವರ ಲಿಂಕನ್

"ಬಂಧುಗಳೇ, ಅಮೆರಿಕದ ಅಬ್ರಹಾಂ ಲಿಂಕನ್ ಹುಟ್ಟಿದ್ದು ಮರದ ದಿಮ್ಮಿಯ ಗುಡಿಸಲಿನಲ್ಲಿ. ಸೌದೆ ಒಡೆದ, ಅಂಗಡಿ ಇಟ್ಟು ಮುಳುಗಿದ, ವಕೀಲನಾದ. ಚುನಾವಣೆಗೆ ನಿಂತ, ಸೋತ. ಮತ್ತೆ ನಿಂತ, ಮತ್ತೆ ಸೋತ. ಕೊನೆಗೆ ದೇಶದ ಅಧ್ಯಕ್ಷನಾದ. ಆದ ಮೇಲೂ ತನ್ನ ಬೂಟು ತಾನೇ ಉಜ್ಜುತ್ತಿದ್ದನಂತೆ. ಒಬ್ಬರನ್ನೊಬ್ಬರು ಕಟ್ಟಿಹಾಕಿ ದುಡಿಸಬಾರದೆಂದು ಗುಲಾಮರನ್ನು ಬಿಡಿಸಿದ. ಅಂಥವನ ದಾರಿಯಲ್ಲಿ ನಡೆಯುವ ನನಗೆ ನಿಮ್ಮ ವೋಟು ಕೊಡಿ."

ಗಲ್ಫಿನ ಗುದೈಬಿಯಾದಲ್ಲಿ ನಮ್ಮ ಎದುರು ಫ್ಲಾಟಿನ ಕೊಸ್ಮಸ್ ಪಿಂಟೊ ಇಲ್ಲಿನ ಕನ್ನಡ ಸಂಘದ ಅಧ್ಯಕ್ಷಗಿರಿಗೆ ನಿಂತಾಗಲೆಲ್ಲ ಇದೇ ಭಾಷಣ. ಶಿರ್ವದಿಂದ ಗೋದಾಮಿನ ಗುಮಾಸ್ತರಾಗಿ ಬಂದವರು. ಮ್ಯಾನೇಜರ್ ಆದ ಮೇಲೆ ಕೋಟು ಬಂತು, ಕೋಟಿನ ಹಿಂದೆಯೇ ಭಾಷಣ ಬಂತು. ನಾಟಕದವರ ಗುಂಪಿನಿಂದ ನಿಂತು ಸೋತರು. ಕ್ರಿಕೆಟಿನವರ ಕಡೆ ಹಾರಿ ಅಲ್ಲೂ ಸೋತರು. ಲಿಂಕನ್ನನ ಬದುಕಿನಲ್ಲಿ ಅವರು ತಪ್ಪದೆ ಪಾಲಿಸಿದ್ದು ಸೋಲನ್ನು ಮಾತ್ರ. ಬೂಟು ಉಜ್ಜುತ್ತಿದ್ದವಳು ಹಲೀಮಾ.

ಹಲೀಮಾ ಉಳ್ಳಾಲದವಳು, ಅವರ ಮನೆಗೆಲಸಕ್ಕೆ ಅವರದೇ ವೀಸಾದಲ್ಲಿ ಬಂದವಳು. ಇಲ್ಲಿನ ರೂಢಿಯಂತೆ ಅವಳ ಪಾಸ್‌ಪೋರ್ಟು ಪಿಂಟೊ ಅವರ ಕಪಾಟಿನಲ್ಲಿತ್ತು, ಜೋಪಾನಕ್ಕೆ. ಎರಡು ಸಾವಿರದ ಎಂಟರ ಚುನಾವಣೆಯ ಹೊತ್ತಿಗೇ ಊರಲ್ಲಿ ಅವಳ ಒಬ್ಬಳೇ ಮಗಳ ನಿಕಾಹ್ ನಿಶ್ಚಯವಾಯಿತು. ಅವಳ ತಮ್ಮ ಟಿಕೆಟನ್ನೂ ಕಳಿಸಿದ. ಪಾಸ್‌ಪೋರ್ಟು ಕೇಳಲು ಹೋದರೆ ಪಿಂಟೊ ಕನ್ನಡಿಯಲ್ಲಿ ಟೈ ಸರಿಮಾಡಿಕೊಳ್ಳುತ್ತಿದ್ದರು.

"ಚುನಾವಣೆ ಒಂದು ಮುಗೀಲಿ ಮಾರಾಯ್ತಿ. ದಿನಾ ಜನ ಬರುವಾಗ ಮೀನು ಹುರಿಯುದು ಯಾರು? ನಿಕಾಹ್‌ನ ವೀಡಿಯೊ ತೆಗಿತಾರಲ್ಲ, ಮತ್ತೆ ನೋಡಿದ್ರಾಯ್ತು."

ನಿಕಾಹ್‌ಗೆ ಮೂರು ದಿನ ಇರುವಾಗ ಪಿಂಟೊ ಅವರ ಪ್ರಚಾರ ಸಭೆ. ಹಲೀಮಾ ಕಟ್ಲೆಟ್ಟಿನ ಪಾತ್ರೆ ಹೊತ್ತು ಬಂದು, ಪಿಂಟೊ ಅವರ ಹೆಂಡತಿ ಗರ್ಟ್ರೂಡ್ ಕೂತ ಕುರ್ಚಿಯ ಹಿಂದೆ ನಿಂತಳು. ಗುಲಾಮರ ಮಾತು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ನಿಂತ ಮೇಲೆ ಹಲೀಮಾ ಬಗ್ಗಿ ಕೇಳಿದಳು:

"ಬಾಯಮ್ಮ, ಆ ಲಿಂಕನ್ ಸಾಹೇಬರು ಅವರಿಗೆಲ್ಲ ಪಾಸ್‌ಪೋರ್ಟ್ ಕೊಟ್ಟದ್ದು ಚುನಾವಣೆ ಮುಗಿದ ಮೇಲೆಯಾ?"

ಪಕ್ಕದಲ್ಲಿ ಕೂತ ನನಗೆ ಕೇಳಿಸಿತು, ಹಿಂದಿನ ಸಾಲಿಗೂ ಕೇಳಿಸಿತು. ಯಾರೋ ಕಿಸಕ್ಕೆಂದರು. ಗರ್ಟ್ರೂಡ್ ಎದ್ದು ಹೋದರು. ಮನೆ ಎರಡು ಗಲ್ಲಿ ಆಚೆ, ಭಾಷಣ ಉದ್ದ. ಮುಗಿಯುವ ಹೊತ್ತಿಗೆ ಬಂದು, ವೇದಿಕೆ ಹತ್ತಿ, ಪಾಸ್‌ಪೋರ್ಟನ್ನು ಗಂಡನ ಕೈಯಲ್ಲಿಟ್ಟರು. "ನೀವೇ ಕೊಡಿ. ಎಲ್ರೂ ನೋಡ್ಲಿ."

ಪಿಂಟೊ ಬೆವರಿದರು. ಆಮೇಲೆ ಕ್ಯಾಮೆರಾ ಕಂಡಿತು, ನಗು ಬಂತು. ಹಲೀಮಾಳನ್ನು ಮೇಲೆ ಕರೆದು, ಇದು ತನ್ನ ಮೊದಲಿನದೇ ತೀರ್ಮಾನವೆಂದು ಮೈಕಿನಲ್ಲಿ ಹೇಳಿ, ಫೋಟೋ ತೆಗೆಸಿಕೊಂಡೇ ಕೊಟ್ಟರು. ಆ ಫೋಟೋದಿಂದ ಗೆದ್ದೂಬಿಟ್ಟರು.

ಅಧಿಕಾರ ಸ್ವೀಕಾರದ ಬೆಳಿಗ್ಗೆ, ಹಲೀಮಾ ಊರಲ್ಲಿ ಮಗಳ ಮನೆಯಲ್ಲಿರುವಾಗ, ನಾನು ಕಸ ಹೊರಗಿಡಲು ಬಾಗಿಲು ತೆಗೆದೆ. ಎದುರು ಹೊಸ್ತಿಲಲ್ಲಿ ಹೊಸ ಅಧ್ಯಕ್ಷರು ಬನಿಯನ್ನಿನಲ್ಲಿ ಕೂತಿದ್ದರು.

"ಅಮ್ಮ, ಪಾಲಿಶ್ ಮೊದಲಾ, ಬ್ರಶ್ ಮೊದಲಾ?"

ಮೊದಲು ಧೂಳು ಒರೆಸಿ ಎಂದೆ. ಅವರು ಎಡಗಾಲಿನ ಬೂಟು ಎತ್ತಿಕೊಂಡು ಒರೆಸತೊಡಗಿದರು.