ಹೆದರಿಕೆ ಅಳೆಯಲು ಬಂದವಳು

ಪುರವರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಆ ಹುಡುಗಿ ಪ್ರಾಣಿಗಳ ಮನಸ್ಸಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಮಾತಾಡುವಾಗ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾವು ಬೆಕ್ಕನ್ನು ಗದರಿದರೂ, "ಅದಕ್ಕೆ ಹೆಂಗಾಗಿರ್ಬೇಕು ಹೇಳಿ?" ಎನ್ನುತ್ತಿದ್ದಳು.

ಹುಲ್ಲುಗಾವಲಿನ ಜಿಂಕೆಗಳು ನಮ್ಮ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದವು. ಸ್ಪೀಕರಿನಲ್ಲಿ ಚಿರತೆಯ ಸದ್ದು ಹಾಕಿದರೆ ಅವು ಎಷ್ಟು ಹೆದರುತ್ತವೆ, ಎಷ್ಟು ಕಾಲ ದೂರವಿರುತ್ತವೆ ಎಂದು ತಿಳಿಯುವುದೇ ಅವಳ ಕೆಲಸ. ಬೆಳೆ ಉಳಿಯಲು ನಾವೂ ಆ ಸದ್ದನ್ನೇ ನಂಬಿಕೊಂಡಿದ್ದೆವು.

ಒಂದು ಬೆಳಿಗ್ಗೆ ನಾನೂ ಜೊತೆಗೆ ಹೋಗಿದ್ದೆ. ಸದ್ದು ಕೇಳಿದ್ದೇ ತಡ, ಹಿಂಡು ಚಿಮ್ಮಿ ಓಡಿತು. ಹುಲ್ಲಿನಲ್ಲಿ ಒಂದು ಎಳೆ ಮರಿ ಮಾತ್ರ ಮಿಸುಕದೆ ಬಿದ್ದುಕೊಂಡಿತ್ತು. ಅವಳು ಸ್ಪೀಕರ್ ಆರಿಸಿ, ನನ್ನನ್ನು ದೂರಕ್ಕೆ ಕರೆದೊಯ್ದು ಪೊದೆಯ ಹಿಂದೆ ಕೂತಳು. ತಾಯಿ ಮರಳಿ ಬಂದಾಗ ಮಧ್ಯಾಹ್ನವಾಗಿತ್ತು. ಅಲ್ಲಿಯವರೆಗೆ ಅವಳು ನೀರನ್ನೂ ಮುಟ್ಟಲಿಲ್ಲ.

ಮರಿಗಳು ದೊಡ್ಡವಾಗುವವರೆಗೆ ಸದ್ದು ಹಾಕುವುದಿಲ್ಲ ಎಂದು ಅಪ್ಪನಿಗೆ ಹೇಳಿದಳು.

"ಅಷ್ಟೊತ್ತಿಗೆ ಹೊಲದಾಗೆ ಕಡ್ಲೆಕಾಯೇ ಇರಲ್ಲ ಕಣಮ್ಮ."

"ಗೊತ್ತು ಅಂಕಲ್. ನಾನೂ ಬಂದು ಕಾಯ್ತೀನಿ."

ಅಂದಿನಿಂದ ಸಂಜೆಯಾದರೆ ಟಾರ್ಚ್ ಹಿಡಿದು ಅಪ್ಪನ ಜೊತೆ ಹೊರಡುತ್ತಿದ್ದಳು.

"ಓಡ್ಸೋಕ್ ಮುಂಚೆ ಮರಿ ಐತಾ ಅಂತ ನೋಡ್ತಾಳೆ ಕಣೇ. ಅಷ್ಟ್ರಲ್ಲಿ ಅವು ಹೊಟ್ಟೆ ತುಂಬಿಸ್ಕಂಡಿರ್ತವೆ," ಎಂದು ಅಪ್ಪ ಅಮ್ಮನ ಹತ್ತಿರ ಗೊಣಗುತ್ತಿದ್ದರು. ಆದರೂ ಅವಳು ಚಪ್ಪಲಿ ಮೆಟ್ಟಿ ಬರುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದರು.